ದಾಕ್ಷಿಣ್ಯಕ್ಕೆ ಓದಿದ ಪುಸ್ತಕಗಳು: ಆರು ಗೆಳೆಯರ ಒಂದು ವರ್ಷದ ಪ್ರಕರಣ

ಹಿನ್ನೆಲೆ

ಇಪ್ಪತ್ತು ವರ್ಷಗಳ ಹಿಂದೆ ಮೈಸೂರಿನಲ್ಲಿ ಒಟ್ಟಿಗೆ ಓದಿದ ಆರು ಜನ. ಈಗ ಎಲ್ಲರಿಗೂ ನಲವತ್ತು ದಾಟಿದೆ. ಒಬ್ಬರು ಶಿವಮೊಗ್ಗದ ಕಾಲೇಜೊಂದರ ಗ್ರಂಥಪಾಲಕಿ. ಒಬ್ಬರು ಹುಬ್ಬಳ್ಳಿಯಲ್ಲಿ ಬ್ಯಾಂಕ್ ನೌಕರ. ಒಬ್ಬರು ಚಾಮರಾಜನಗರದ ಕಡೆ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು. ಉಡುಪಿಯಲ್ಲಿ ಮೆಡಿಕಲ್ ಶಾಪ್ ನಡೆಸುವವರು ಒಬ್ಬರು, ಬೆಂಗಳೂರಿನ ಸಾಫ್ಟ್‌ವೇರ್ ನೌಕರ ಒಬ್ಬರು, ಪುಣೆಯಲ್ಲಿ ಕೂತು ಅನುವಾದ ಮಾಡುವವರು ಇನ್ನೊಬ್ಬರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದೆ. ಪುಟ, ದಿನ, ಪುಸ್ತಕಗಳ ಲೆಕ್ಕ ಮಾತ್ರ ಅವರ ಗೂಗಲ್ ಶೀಟಿನಲ್ಲಿ ಇದ್ದಂತೆಯೇ ಇದೆ.

2024ರ ಡಿಸೆಂಬರಿನಲ್ಲಿ ಯೋಜನೆ ಹುಟ್ಟಿತು. 2025ರಲ್ಲಿ ಪ್ರತಿಯೊಬ್ಬರೂ ಹತ್ತು ಪುಸ್ತಕ ಸೂಚಿಸಬೇಕು, ಎಲ್ಲವನ್ನೂ ಒಂದೇ ಪಟ್ಟಿಗೆ ಹಾಕಬೇಕು, ಯಾರಿಗೆ ಯಾವುದು ಬೇಕೋ ಆರಿಸಿಕೊಂಡು ಓದಬೇಕು, ತಿಂಗಳ ಕೊನೆಯ ಭಾನುವಾರ ಮಾತಾಡಬೇಕು. ಅರವತ್ತು ಹೆಸರು ಬಂದವು. ಎರಡು ಮೂರು ಕಡೆ ಬಂದದ್ದನ್ನು ತೆಗೆದರೆ ಉಳಿದದ್ದು 52. ಇಂಥ ಪಟ್ಟಿ ಮಾಡುವಾಗಿನ ಉತ್ಸಾಹವೇ ಬೇರೆ. ಮದುವೆಗೆ ಸಾಮಾನು ಬರೆದಂತೆ, ಅಡುಗೆ ಮಾಡುವವರು ಯಾರು ಎಂಬ ಪ್ರಶ್ನೆ ಆಗ ಏಳುವುದಿಲ್ಲ.

ಮೊದಲ ಮೂರು ತಿಂಗಳು

ಮಾರ್ಚ್ ಕೊನೆಗೆ ಲೆಕ್ಕ ಹಾಕಿದಾಗ ಆರೂ ಜನ ಸೇರಿ ಕೈಗೆತ್ತಿಕೊಂಡ ಪುಸ್ತಕಗಳು 23, ಮುಗಿಸಿದವು ಒಂಬತ್ತು. ಆ ಒಂಬತ್ತರಲ್ಲಿ ಐದು ಪಟ್ಟಿಯಲ್ಲೇ ಇರಲಿಲ್ಲ, ಅವರವರು ತಾವಾಗಿ ಹುಡುಕಿಕೊಂಡವು. ಮೂರು ತಿಂಗಳಲ್ಲಿ ಗೆಳೆಯರ ಮಾತು ಕೇಳಿ ಓದಿ ಮುಗಿಸಿದ್ದು ಒಟ್ಟು ನಾಲ್ಕೇ ಪುಸ್ತಕ.

ಹೊರಗಿನ ಕಾರಣಗಳು ಇದ್ದವು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ರಿಂದ ಏಪ್ರಿಲ್ 4ರ ತನಕ ನಡೆದದ್ದರಿಂದ ಮೇಷ್ಟ್ರು ಅದಕ್ಕೂ ಒಂದು ತಿಂಗಳು ಮುಂಚಿನಿಂದಲೇ ಪುಸ್ತಕ ಮುಟ್ಟಿರಲಿಲ್ಲ. ಬ್ಯಾಂಕಿನವರಿಗೆ ಮಾರ್ಚ್ ಎಂದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು. ಪಟ್ಟಿಯಲ್ಲಿದ್ದ 52ರಲ್ಲಿ ಒಂಬತ್ತು ಪುಸ್ತಕ ಯಾವ ಅಂಗಡಿಯಲ್ಲೂ ಇರಲಿಲ್ಲ. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸುವುದೇ ವಾಡಿಕೆ, ಅವು ಖರ್ಚಾದ ಮೇಲೆ ಮರುಮುದ್ರಣ ಯಾವಾಗ ಎಂಬುದು ಪ್ರಕಾಶಕರಿಗೂ ಗೊತ್ತಿರುವುದಿಲ್ಲ. ಹದಿನೈದು ವರ್ಷದ ಹಿಂದೆ ಕೊಂಡು ಓದಿದವರಿಗೆ ಪುಸ್ತಕ ಈಗಲೂ ಅಂಗಡಿಯಲ್ಲಿರುತ್ತದೆ ಅನ್ನಿಸುವುದು ಸಹಜ.

ಇವೆಲ್ಲ ಸರಿಯಿದ್ದಿದ್ದರೂ ಮುಗಿಸಿದ ಸಂಖ್ಯೆ ನಾಲ್ಕಿದ್ದದ್ದು ಆರೋ ಏಳೋ ಆಗುತ್ತಿತ್ತು, ಅಷ್ಟೆ. ನಿಜವಾದ ತೊಡಕು ಏಪ್ರಿಲ್ ಎರಡನೇ ವಾರದ ಮಾತುಕತೆಯಲ್ಲಿ ಬಯಲಿಗೆ ಬಂತು. ಗ್ರಂಥಪಾಲಕಿ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರು ಓದುತ್ತಾ ಎರಡು ಪ್ರಶ್ನೆ ಕೇಳಿದರು. ಇದನ್ನು ಯಾರಿಗೆಂದು ಹೇಳಿದ್ದು? ಹೇಳಿದವರು ಓದಿದ್ದು ಯಾವಾಗ?

ಮೊದಲ ಪ್ರಶ್ನೆಗೆ 52ರಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಎಲ್ಲವನ್ನೂ 'ಎಲ್ಲರಿಗೂ' ಹೇಳಿದ್ದು. ಎರಡನೆಯದಕ್ಕೆ ಬಂದ ಉತ್ತರ ಇನ್ನೂ ಮುಜುಗರದ್ದು. ಹನ್ನೊಂದು ಪುಸ್ತಕಗಳನ್ನು ಸೂಚಿಸಿದವರೇ ಓದಿರಲಿಲ್ಲ. ಓದಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದ, ಹೆಸರು ಹೇಳಿದರೆ ಗೌರವ ಬರುವ ಪುಸ್ತಕಗಳವು. ಇನ್ನೂ ಹತ್ತು ಹದಿನೈದನ್ನು ಓದಿದ್ದು ಕಾಲೇಜಿನ ದಿನಗಳಲ್ಲಿ. ಇಪ್ಪತ್ತರ ವಯಸ್ಸಿನಲ್ಲಿ ಮೈ ಜುಮ್ಮೆನ್ನಿಸಿದ್ದು ನಲವತ್ತೈದರಲ್ಲಿ ಹೇಗೆ ಹಿಡಿಸುತ್ತದೆ ಎಂದು ಯಾರೂ ತಿರುಗಿ ನೋಡಿರಲಿಲ್ಲ.

ಪಟ್ಟಿಯನ್ನು ಅಂದೇ ಬದಿಗಿಟ್ಟರು. ಪ್ರಕರಣದ ಮೊದಲ ತಿರುವು ಇದು. ಅಳಿಸಿ ಹಾಕಲು ಇಬ್ಬರಿಗೆ ಮನಸ್ಸಿರಲಿಲ್ಲವಾದ್ದರಿಂದ ಅದು ಶೀಟಿನ ಎರಡನೇ ಹಾಳೆಯಲ್ಲಿ ಈಗಲೂ ಹಾಗೇ ಬಿದ್ದಿದೆ.

ಜೋಡಿ ಪದ್ಧತಿ

ಹೊಸ ಪದ್ಧತಿ ಸರಳ. ಆರು ಜನರಿದ್ದರೆ ಒಂದು ಸುತ್ತಿಗೆ ಮೂರು ಜೋಡಿ. ಐದು ಸುತ್ತು ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಉಳಿದ ಐವರೊಡನೆ ಒಮ್ಮೊಮ್ಮೆ ಜೋಡಿಯಾಗಿರುತ್ತಾರೆ. ಸುತ್ತಿಗೆ ಏಳು ವಾರ, ಒಟ್ಟು 35 ವಾರ. ಏಪ್ರಿಲ್ 20ರ ಭಾನುವಾರ ಶುರು, ಡಿಸೆಂಬರ್ 20ಕ್ಕೆ ಮುಕ್ತಾಯ. ಜೋಡಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಪುಸ್ತಕ ಹೇಳಬೇಕು. ಹೇಳುವುದು ಆ ಒಬ್ಬರಿಗಾಗಿ ಮಾತ್ರ.

ಏಳು ವಾರವೇ ಏಕೆ ಎಂಬುದರ ಹಿಂದೆ ಲೆಕ್ಕವಿದೆ. ಮೊದಲು ಎಲ್ಲರೂ ಒಂದು ವಾರ ರಾತ್ರಿ ಮಲಗುವ ಮುಂಚೆ ಆ ದಿನ ಓದಿದ ಪುಟಗಳನ್ನು ಬರೆದಿಟ್ಟರು. ಗ್ರಂಥಪಾಲಕಿ ದಿನಕ್ಕೆ 30, ಅನುವಾದಕಿ 25, ಮೇಷ್ಟ್ರು 22, ಬ್ಯಾಂಕಿನವರು 18, ಸಾಫ್ಟ್‌ವೇರಿನವರು 12, ಉಡುಪಿಯವರು ಎಂಟು. ಕೇಳಿದರೆ ಎಲ್ಲರೂ ಇದರ ಎರಡರಷ್ಟು ಹೇಳುತ್ತಿದ್ದರು. ದಿನದ ಪುಟಗಳನ್ನು 49ರಿಂದ ಗುಣಿಸಿ, ಹಬ್ಬ, ಜ್ವರ, ನೆಂಟರೆಂದು ಐದನೇ ಒಂದು ಭಾಗ ಕಳೆದರೆ ಒಂದು ಸುತ್ತಿಗೆ ಅವರ ಪುಟಗಳ ಮಿತಿ ಸಿಗುತ್ತದೆ. ಎಂಟು ಪುಟದವರಿಗೆ ಅದು ಸುಮಾರು 310. ಸರಾಸರಿ ಕಾದಂಬರಿಯೊಂದು ಈ ಮಿತಿಯೊಳಗೆ ಬರಬೇಕಾದರೆ ಏಳು ವಾರ ಬೇಕೇ ಬೇಕು. ತಿಂಗಳಿಗೊಂದು ಎಂದು ಹೊರಡುವ ಗುಂಪುಗಳು ನಿಧಾನವಾಗಿ ಓದುವವರನ್ನು ಎರಡನೇ ತಿಂಗಳಲ್ಲೇ ಕಳೆದುಕೊಳ್ಳುವುದು ಈ ಗುಣಾಕಾರ ಮಾಡದೆ.

ಸೂಚಿಸುವ ಮುಂಚೆ ಓದುವವರು ಒಂದು ಚೀಟಿ ಬರೆದು ಕೊಡಬೇಕು. ಈ ಸುತ್ತಿನಲ್ಲಿ ದಿನಕ್ಕೆ ಎಷ್ಟು ಪುಟ ಆದೀತು. ಈಚೆಗೆ ಮುಗಿಸಿದ್ದು ಯಾವುದು. ಈಚೆಗೆ ಅರ್ಧಕ್ಕೆ ಬಿಟ್ಟದ್ದು ಯಾವುದು, ಎಲ್ಲಿ, ಏಕೆ. ಸದ್ಯಕ್ಕೆ ಬೇಡವಾದದ್ದು ಏನು. ಅಚ್ಚಿನ ಪುಸ್ತಕವೋ ಇ-ಪುಸ್ತಕವೋ. ಇವುಗಳಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಮೂರನೆಯದು. ಮುಗಿಸಿದ ಪುಸ್ತಕದ ಹೆಸರು ಕೇಳಿದರೆ ಜನ ತಮ್ಮ ಮುಖಕ್ಕೆ ಪೌಡರ್ ಹಚ್ಚಿಕೊಳ್ಳುತ್ತಾರೆ. ಬಿಟ್ಟ ಪುಸ್ತಕದ ಹೆಸರು ಹೇಳುವಾಗ ಅದು ಆಗುವುದಿಲ್ಲ.

ಸೂಚಿಸುವವರು ಚೀಟಿ ನೋಡಿ ಮೂರು ಪುಸ್ತಕ ಹೇಳಬೇಕು. ಮೂರನ್ನೂ ಸ್ವತಃ ಓದಿರಬೇಕು. ಓದಿ ಹತ್ತು ವರ್ಷ ದಾಟಿದ್ದರೆ ಮೊದಲ ಅಧ್ಯಾಯವನ್ನಾದರೂ ಮತ್ತೆ ಓದಿ ನೋಡಿರಬೇಕು. ಒಂದೊಂದಕ್ಕೂ ಎರಡು ಸಾಲು: ನಿನಗೇ ಏಕೆ ಇದು, ಎಲ್ಲಿ ಎಳೆಯುತ್ತದೆ. ಜೊತೆಗೆ ಪುಸ್ತಕ ಹತ್ತು ದಿನದೊಳಗೆ ಕೈಗೆ ಸಿಗುವ ದಾರಿಯನ್ನೂ ಅವರೇ ತೋರಿಸಬೇಕು. ದಾರಿ ಇಲ್ಲದಿದ್ದರೆ ಆ ಸೂಚನೆ ಲೆಕ್ಕಕ್ಕಿಲ್ಲ. ಓದುವವರು ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಆರನೇ ಒಂದು ಭಾಗ ಓದಿದ ಮೇಲೆ, ಕಥಾಸಂಕಲನವಾದರೆ ಮೂರು ಕಥೆಯ ಮೇಲೆ, ಕಾರಣ ಹೇಳದೆ ಬಿಡಬಹುದು. ಮೂರನೇ ಒಂದು ಭಾಗದ ಹತ್ತಿರ ಒಂದು ಫೋನು, ಮುಗಿದ ಮೇಲೆ ಒಂದು ಫೋನು. ಇಪ್ಪತ್ತು ನಿಮಿಷ ಸಾಕು.

ಶೀಟಿನಲ್ಲಿ ಏಳು ಕಾಲಂ: ಯಾರಿಂದ, ಯಾರಿಗೆ, ಹೇಳಿದ ಮೂರು, ಆರಿಸಿದ ಒಂದು, ಪ್ರತಿ ಕೈಸೇರಿದ ದಿನ, ನಡುವಿನ ಫೋನಿನ ದಿನ, ಕೊನೆಯದಾಗಿ 'ಮುಗಿಯಿತು' ಅಥವಾ ಬಿಟ್ಟ ಪುಟದ ಸಂಖ್ಯೆ. ಈ ಕೊನೆಯ ಕಾಲಂ ಇಲ್ಲದಿದ್ದರೆ ಈ ಪ್ರಕರಣದಲ್ಲಿ ಬರೆಯುವುದಕ್ಕೇ ಹೆಚ್ಚೇನೂ ಇರುತ್ತಿರಲಿಲ್ಲ.

ಕಣ್ಣಿಗೆ ಹತ್ತದ್ದು ಕಿವಿಗೆ ಹತ್ತಿದ್ದು

ಮೊದಲ ಸುತ್ತಿನಲ್ಲಿ ಮೇಷ್ಟ್ರು ಮತ್ತು ಬ್ಯಾಂಕಿನವರು ಜೋಡಿ. ಮೇಷ್ಟ್ರು ಹೇಳಿದ ಮೂರರಲ್ಲಿ ಬ್ಯಾಂಕಿನವರು ಆರಿಸಿದ್ದು ದೇವನೂರ ಮಹಾದೇವರ 'ಕುಸುಮಬಾಲೆ'. ತೆಳ್ಳಗಿದೆ, ಎರಡು ವಾರದಲ್ಲಿ ಮುಗಿಯುತ್ತದೆ ಎಂಬ ಲೆಕ್ಕ. 1984ರಲ್ಲಿ ಬಂದ ಈ ಕಾದಂಬರಿ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ನಡೆಯುತ್ತದೆ. ಹುಬ್ಬಳ್ಳಿಯ ಕಣ್ಣು ಆ ಪದಗಳ ಮೇಲೆ ಜಾರಿತು. ದಿನಕ್ಕೆ 18 ಪುಟ ಓದುವವರು ನಾಲ್ಕು ಐದು ಪುಟಕ್ಕೆ ಇಳಿದರು. ಪುಟಗಳ ಮಿತಿಯ ಲೆಕ್ಕ ಮೊದಲ ಬಾರಿ ತಪ್ಪಿದ್ದು ಇಲ್ಲಿ. ಪುಸ್ತಕದ ದಪ್ಪದಿಂದ ಓದಿನ ವೇಗ ಹೇಳಲಾಗದು.

ಇನ್ನೇನು ಬಿಡುತ್ತಾರೆ ಅನ್ನುವಾಗ ನಡುವಿನ ಫೋನು ಬಂತು. ಮೇಷ್ಟ್ರು ಪುಸ್ತಕದ ಹಿರಿಮೆ ವಿವರಿಸಲು ಹೋಗಲಿಲ್ಲ, 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಮಾತೂ ಎತ್ತಲಿಲ್ಲ. ಅಂದು ರಾತ್ರಿ ಮೊದಲ ಕೆಲವು ಪುಟಗಳನ್ನು ತಮ್ಮ ಊರಿನ ರಾಗದಲ್ಲೇ ಗಟ್ಟಿಯಾಗಿ ಓದಿ ಎರಡು ವಾಯ್ಸ್ ನೋಟ್ ಕಳಿಸಿದರು, ಒಂದು 14 ನಿಮಿಷ, ಇನ್ನೊಂದು 11. ಗುಂಪಿಗೆ ಹಾಕಲಿಲ್ಲ, ಅವರೊಬ್ಬರಿಗೇ. ಮರುದಿನದ ಉತ್ತರ: "ಕಣ್ಣಿಗೆ ಹತ್ತಿದ್ದಿಲ್ಲಪಾ, ಕಿವಿಗೆ ಹತ್ತೇತಿ." ಹತ್ತು ಪುಟದ ಮೇಲೆ ಸಹಾಯ ಬೇಕಾಗಲಿಲ್ಲ. ಪುಸ್ತಕ ಮುಗಿಯಿತು.

ಬದಲಿಗೆ ಬ್ಯಾಂಕಿನವರು ಮೇಷ್ಟ್ರಿಗೆ ಕೊಟ್ಟದ್ದು ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ'. ಅದು ಧಾರವಾಡ ಸೀಮೆಯ ಮಾತಿನದು. ಕೇಳುವ ಮುಂಚೆಯೇ ವಾಯ್ಸ್ ನೋಟ್ ಬಂತು. ಪ್ರಾದೇಶಿಕ ಮಾತಿನ ಪುಸ್ತಕ ಕೊಡುವಾಗ ಮೊದಲ ಪುಟಗಳನ್ನು ಓದಿ ಕೇಳಿಸುವುದು ಆಮೇಲೆ ಗುಂಪಿನ ವಾಡಿಕೆಯೇ ಆಯಿತು. ಪದಕೋಶದ ಚೀಟಿಯನ್ನೂ ಒಮ್ಮೆ ಮಾಡಿ ನೋಡಿದರು. ಅದು ಅಷ್ಟಾಗಿ ಫಲ ಕೊಡಲಿಲ್ಲ, ಏಕೆಂದರೆ ತೊಡಕು ಪದದ ಅರ್ಥದ್ದಲ್ಲ, ವಾಕ್ಯದ ಲಯದ್ದು.

ಉಳಿದ ಎರಡು ಜೋಡಿಗಳ ಕಥೆ ಹೀಗಿರಲಿಲ್ಲ. ಮೊದಲ ಸುತ್ತಿನ ಆರರಲ್ಲಿ ಮೂರು ಬಿದ್ದುಹೋದವು. ಅನುವಾದಕಿಯ ಚೀಟಿಯಲ್ಲಿ 'ಕಾಯಿಲೆ, ಆಸ್ಪತ್ರೆ ಸದ್ಯಕ್ಕೆ ಬೇಡ' ಎಂದು ಸ್ಪಷ್ಟವಾಗಿತ್ತು. ಉಡುಪಿಯವರು ಕೊಟ್ಟ ಮೂರರಲ್ಲಿ ಎರಡು ಸಾವಿನ ಮನೆಯವು. ಒಳ್ಳೆಯ ಪುಸ್ತಕವಾದರೆ ದಾಟಿಕೊಂಡು ಹೋಗಬಹುದು ಎಂದು ಅವರು ಎಣಿಸಿದ್ದರು. ದಾಟಲಾಗಲಿಲ್ಲ. ಜೊತೆಗೆ ಐದನೇ ವಾರದಲ್ಲಿ, ಮೇ 20ರಂದು, ಬಾನು ಮುಷ್ತಾಕ್ ಅವರ ಕಥೆಗಳ ದೀಪಾ ಭಾಸ್ತಿ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬುಕರ್ ಪಡೆಯಿತು. ಕನ್ನಡದ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮೂವರು ಕೈಲಿದ್ದದ್ದನ್ನು ಕೆಳಗಿಟ್ಟು ಅದರ ಹಿಂದೆ ಹೋದರು. ಅಂಥ ದಿನ ನಿಯಮ ಹಿಡಿದು ಕೂರುವುದು ಒಣ ಹಟ. ಗುಂಪು ಮಾಡಿದ್ದು ಇಷ್ಟೇ: ವರ್ಷಕ್ಕೆ ಒಬ್ಬೊಬ್ಬರಿಗೆ ಒಂದು 'ಹೊರಗಿನ ಚೀಟಿ', ಹತ್ತು ದಿನ ಜೋಡಿಯ ಪುಸ್ತಕ ನಿಲ್ಲಿಸಿ ಬೇರೇನಾದರೂ ಓದಲು. ಆದರೆ ಆ ಹೊತ್ತಿಗೆ ಮೂರೂ ಪುಸ್ತಕಗಳ ಎಳೆ ತಪ್ಪಿತ್ತು. ಮತ್ತೆ ಹಿಡಿಯಲು ಯಾರಿಗೂ ಆಗಲಿಲ್ಲ.

ಪುಟ 61

ಎರಡನೇ ಸುತ್ತು ಜೂನ್ 8ರಿಂದ. ಈ ಸುತ್ತಿನಲ್ಲಿ ನಡೆದ ಎರಡು ಸಂಗತಿಗಳಲ್ಲಿ ಒಂದು ಲೆಕ್ಕದ ತಪ್ಪು, ಇನ್ನೊಂದು ಮನಸ್ಸಿನದು.

ಲೆಕ್ಕದ್ದು ಮೊದಲು. ಗ್ರಂಥಪಾಲಕಿ ಉಡುಪಿಯವರಿಗೆ ಹೇಳಿದ ಮೂರರಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇತ್ತು. ಏಳುನೂರು ಪುಟ ದಾಟುವ ಕಾದಂಬರಿ. 310 ಪುಟದ ಮಿತಿಯವರಿಗೆ ಇದನ್ನು ಹೇಳಿದ್ದೇ ತಪ್ಪು, ಅವರು ಅದನ್ನೇ ಆರಿಸಿದ್ದು ಇನ್ನೊಂದು. "ಇಷ್ಟು ವರ್ಷ ಓದ್ಲಿಲ್ಲ ಮಾರಾಯ್ತಿ, ಈಗಾದ್ರೂ ಓದ್ತೇನೆ" ಎಂಬ ಹುಮ್ಮಸ್ಸು. ಮಳೆ ಹಿಡಿಯಿತು, ಜ್ವರದ ಸೀಸನ್ ಬಂತು, ಅಂಗಡಿ ರಾತ್ರಿ ಹತ್ತರ ತನಕ. ಏಳು ವಾರ ಮುಗಿದಾಗ ಅವರು 142ನೇ ಪುಟದಲ್ಲಿದ್ದರು. ಪುಸ್ತಕ ಇಷ್ಟವಾಗಿತ್ತು. ಆದರೂ ಶೀಟಿನಲ್ಲಿ ಬಿಟ್ಟದ್ದೆಂದೇ ಬರೆದರು. ಮುಗಿಯದ ಪುಸ್ತಕವನ್ನು ಮುಂದಿನ ಸುತ್ತಿಗೆ ಎಳೆದರೆ ಮುಂದಿನವರ ಪುಸ್ತಕವೂ ಹಾಳು ಎಂಬುದು ಗುಂಪಿನ ತೀರ್ಮಾನ. ಕಠಿಣವೆನ್ನಿಸಿದರೂ ಸರಿಯಾದ ತೀರ್ಮಾನ. ಸಾಲ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹರಿದರೆ ಮೂರನೇ ಸುತ್ತಿಗೆ ಎಲ್ಲರೂ ಸಾಲಗಾರರು.

ಎರಡನೆಯದು ಮೇಷ್ಟ್ರು ಮತ್ತು ಸಾಫ್ಟ್‌ವೇರಿನವರ ಜೋಡಿಯದು. ಕೊನೆಯ ಫೋನಿನಲ್ಲಿ ಸಾಫ್ಟ್‌ವೇರಿನವರು ಪುಸ್ತಕ ಮುಗಿಯಿತು, ಬಹಳ ಚೆನ್ನಾಗಿತ್ತು ಎಂದರು. ಏನು ಚೆನ್ನಾಗಿತ್ತು ಎಂದರೆ ಹೇಳಿದ್ದೆಲ್ಲ ಬೆನ್ನುಡಿಯಲ್ಲಿದ್ದದ್ದು. ಇಪ್ಪತ್ತು ವರ್ಷ ಹೈಸ್ಕೂಲ್ ಹುಡುಗರಿಗೆ ಪಾಠ ಹೇಳಿದವರಿಗೆ ಓದದೆ ಬಂದವನ ಉತ್ತರ ಗೊತ್ತಾಗದೆ ಇರುತ್ತದೆಯೆ? ಮೇಷ್ಟ್ರು ಅಲ್ಲಿ ಏನೂ ಹೇಳಲಿಲ್ಲ. ಶೀಟಿನಲ್ಲಿ 'ಮುಗಿಯಿತು' ಎಂದೂ ಬರೆಯಲಿಲ್ಲ. ಕಾಲಂ ಖಾಲಿ ಬಿಟ್ಟು ಗ್ರಂಥಪಾಲಕಿಗೆ ಮಾತ್ರ ಹೇಳಿದರು.

ಜುಲೈ 26ರ ಗುಂಪಿನ ಮಾತುಕತೆಯಲ್ಲಿ ಗ್ರಂಥಪಾಲಕಿ ತಾವೇ ಮೊದಲು ಮಾತೆತ್ತಿದರು. ಮೊದಲ ಸುತ್ತಿನಲ್ಲಿ ತಮಗೆ ಪುಸ್ತಕ ಹೇಳಿದ್ದವರು ಇದೇ ಸಾಫ್ಟ್‌ವೇರಿನವರು. "ನೀನು ಕೊಟ್ಟದ್ದನ್ನು ನಾನು 38ನೇ ಪುಟಕ್ಕೆ ಬಿಟ್ಟೆ ಕಣೋ. ಬುಕರ್ ಬಂದದ್ದು ನೆಪ. ಆ ನಿರೂಪಕನ ಸಹವಾಸವೇ ಬೇಡ ಅನ್ನಿಸಿತು" ಎಂದು ಎಲ್ಲರ ಮುಂದೆ ಹೇಳಿದರು. ನಗು ಬಂತು, ಯಾರಿಗೂ ಏನೂ ಆಗಲಿಲ್ಲ. ಅರ್ಧ ಗಂಟೆಯ ನಂತರ ಸಾಫ್ಟ್‌ವೇರಿನವರಿಂದ ಮೇಷ್ಟ್ರಿಗೆ ಎರಡೇ ಪದದ ಮೆಸೇಜು: "ಪುಟ 61."

ಗೆಳೆಯರ ನಡುವೆ ಪುಸ್ತಕ ಹೇಳುವುದು ಕೇಳುವುದು ಕೆಡುವ ಬಗೆ ಇದೇ. ಅಪರಿಚಿತರು ಹೇಳಿದ ಪುಸ್ತಕವನ್ನು ಬಿಡಲು ಯಾರಿಗೂ ಸಂಕೋಚವಿಲ್ಲ. ಗೆಳೆಯರು ಹೇಳಿದ್ದನ್ನು ಬಿಟ್ಟರೆ ಅವರನ್ನೇ ಬಿಟ್ಟಂತೆ ಎಂಬ ದಾಕ್ಷಿಣ್ಯ. ಬಿಡಲಾಗದೆ, ಓದಲೂ ಆಗದೆ, ಬೇರೆ ಪುಸ್ತಕ ತೆರೆಯಲೂ ಆಗದೆ ವಾರಗಟ್ಟಲೆ ಏನನ್ನೂ ಓದದೆ ಇರುತ್ತಾರೆ. ಜನವರಿಯಿಂದ ಮಾರ್ಚ್ ತನಕ ಆರಂಭಿಸಿದ 23ರಲ್ಲಿ 14 ನಿಂತುಹೋದದ್ದನ್ನು ತಿರುಗಿ ನೋಡಿದರೆ ಬಹುಪಾಲು ಹೀಗೆ ಮೇಜಿನ ಮೇಲೆ ಮಗುಚಿಟ್ಟವೇ. ಬಿಡಬಹುದು ಎಂಬ ನಿಯಮ ಏಪ್ರಿಲಿನಿಂದಲೇ ಕಾಗದದಲ್ಲಿತ್ತು. ಅದನ್ನು ಯಾರಾದರೂ ಒಬ್ಬರು, ಅದೂ ಹೆಚ್ಚು ಓದುವವರೇ, ಎಲ್ಲರೆದುರು ಬಳಸಿ ತೋರಿಸುವ ತನಕ ಅದು ಇದ್ದೂ ಇಲ್ಲದಂತೆ.

ಅಂದೇ ಕೊನೆಯ ಫೋನಿನ ರೀತಿಯನ್ನೂ ಬದಲಿಸಿದರು. 'ಹೇಗಿತ್ತು' ಎಂದು ಕೇಳುವಂತಿಲ್ಲ, ಏಕೆಂದರೆ ಅದಕ್ಕೆ 'ಚೆನ್ನಾಗಿತ್ತು' ಬಿಟ್ಟು ಬೇರೆ ಉತ್ತರ ಕನ್ನಡಿಗರ ಬಾಯಲ್ಲಿ ಬರುವುದು ಕಷ್ಟ. ಬದಲಿಗೆ ಮೂರು ಪ್ರಶ್ನೆ. ಯಾವ ಪುಟ ನೆನಪಿನಲ್ಲಿ ಉಳಿಯಿತು? ಯಾವ ಪುಟ ಹಾರಿಸಿದೆ? ಇದನ್ನು ನೀನು ಯಾರಿಗೆ ಕೊಡುತ್ತೀ, ಯಾರಿಗೆ ಕೊಡುವುದಿಲ್ಲ? ಮೂರನೆಯದರ ಉತ್ತರದಲ್ಲಿ ಅಭಿಪ್ರಾಯ ತಾನಾಗಿ ಹೊರಬರುತ್ತದೆ, ಸೂಚಿಸಿದವರಿಗೆ ನೋವೂ ಆಗುವುದಿಲ್ಲ.

ಮೂರನೇ ಸುತ್ತಿನಲ್ಲಿ ಆರಕ್ಕೆ ಆರೂ ಮುಗಿದವು. ಬಿಡುವ ಸ್ವಾತಂತ್ರ್ಯ ಗಟ್ಟಿಯಾದ ಮೇಲೆ ಬಿಟ್ಟವರೇ ಇಲ್ಲ. ಇದಕ್ಕೆ ಒಂದು ಕಾರಣ ಚೀಟಿಗಳು. ಆ ಸುತ್ತಿನ ಚೀಟಿಗಳಲ್ಲಿ ಬೇಡವಾದವುಗಳ ಸಾಲು ಎರಡು ಮೂರು ಪಟ್ಟು ಉದ್ದವಾಗಿದೆ. 'ಗ್ರಾಮದ ಕಥೆ ಸಾಕು', 'ಸಣ್ಣಕ್ಷರ ಬೇಡ, ಕನ್ನಡಕ ಬಂದಿದೆ', 'ಹತ್ತಕ್ಕಿಂತ ಹೆಚ್ಚು ಹೆಸರು ನೆನಪಿಡಲು ನನ್ನಿಂದಾಗದು'. ಈ ಕೊನೆಯದನ್ನು ಶೀಟಿನ ಪುಟ ಸಂಖ್ಯೆಗಳೂ ಹೇಳುತ್ತಿದ್ದವು. ಅಲ್ಲಿಯ ತನಕ ಬಿಟ್ಟ ಐದರಲ್ಲಿ ನಾಲ್ಕು, 30ರಿಂದ 65ನೇ ಪುಟದ ನಡುವೆ, ಮನೆತನದ ಜನ ಒಬ್ಬೊಬ್ಬರಾಗಿ ಬಂದು ಸೇರುವ ಜಾಗದಲ್ಲಿ. ಕೂಡುಕುಟುಂಬದ ಕಾದಂಬರಿ ಕೊಡುವವರು ಅರ್ಧ ಹಾಳೆಯ ವಂಶಾವಳಿ ಬರೆದು ಫೋಟೊ ಕಳಿಸುವುದು ಇಲ್ಲಿಂದ ಶುರುವಾಯಿತು. ಬರೆಯುವಾಗ ಒಂದು ಎಚ್ಚರ: ಯಾರು ಯಾರನ್ನು ಮದುವೆಯಾಗುತ್ತಾರೆ, ಯಾರು ಸಾಯುತ್ತಾರೆ ಎಂಬುದನ್ನು ಹಾಕಬಾರದು. ಮೊದಲ ಐವತ್ತು ಪುಟದಲ್ಲಿ ಇದ್ದಷ್ಟು ಸಾಕು.

ಪುಸ್ತಕ ಸಾಗಿಸುವ ಗೋಳು

ಮೂವತ್ತು ಪುಸ್ತಕಗಳಲ್ಲಿ 11 ಅಂಚೆಯಲ್ಲಿ ಹೋದವು, ಎಂಟು ಗ್ರಂಥಾಲಯದಿಂದ ಬಂದವು, ಆರು ಕೊಂಡವು, ಐದು ಇ-ಪುಸ್ತಕ. ಪುಣೆಗೆ ಇ-ಪುಸ್ತಕವೇ ವಾಸಿ. ಗ್ರಂಥಾಲಯದ್ದಾದರೆ ಸಾಮಾನ್ಯವಾಗಿ ಹದಿನೈದು ದಿನದ ಗಡುವು, ಏಳು ವಾರಕ್ಕೆ ಮೂರು ಸಲ ನವೀಕರಣ. ಮರೆತರೆ ದಂಡ ಸಣ್ಣದೇ, ಆದರೆ ನಡುವೆ ಬೇರೆಯವರು ಕಾಯ್ದಿರಿಸಿದ್ದರೆ ಪುಸ್ತಕವೇ ಕೈತಪ್ಪುತ್ತದೆ.

ಅಂಚೆಯ ವಿಷಯದಲ್ಲಿ ಆ ವರ್ಷ ಅನುಕೂಲವೊಂದು ಬಂತು. ಮೇ 1ರಿಂದ ಅಂಚೆ ಇಲಾಖೆ 'ಜ್ಞಾನ ಪೋಸ್ಟ್' ಆರಂಭಿಸಿತು. 300 ಗ್ರಾಂ ತನಕ 20 ರೂಪಾಯಿ, 5 ಕಿಲೋ ತನಕ ಹೆಚ್ಚೆಂದರೆ 100 ರೂಪಾಯಿ, ತೆರಿಗೆ ಬೇರೆ. ಎಲ್ಲಿದೆ ಎಂದು ನಂಬರಿನಿಂದ ನೋಡಬಹುದು. ನೆಲದ ಮಾರ್ಗದಲ್ಲಿ ಹೋಗುವುದರಿಂದ ಸ್ಪೀಡ್ ಪೋಸ್ಟಿಗಿಂತ ನಿಧಾನ, ಹತ್ತು ದಿನದ ಗಡುವಿಗೆ ಮೊದಲ ಎರಡು ದಿನದಲ್ಲೇ ಕಳಿಸಬೇಕು. ಡೆಮಿ ಅಳತೆಯ 200 ಪುಟದ ಪೇಪರ್‌ಬ್ಯಾಕ್ ಸುತ್ತಿದ ಮೇಲೂ 300 ಗ್ರಾಂ ಒಳಗೇ ಇರುತ್ತದೆ. 250 ಪುಟ ದಾಟಿದರೆ ಮೇಲಿನ ದರ. ಪುಸ್ತಕದ ದರದಲ್ಲಿ ಹೋಗುವ ಕಟ್ಟಿನೊಳಗೆ ಖಾಸಗಿ ಪತ್ರ ಇಡುವಂತಿಲ್ಲವಾದ್ದರಿಂದ 'ನಿನಗೇ ಏಕೆ' ಸಾಲುಗಳು ವಾಟ್ಸಾಪಿನಲ್ಲೇ ಹೋದವು.

ಮೂರನೇ ಸುತ್ತಿನಲ್ಲಿ, ಜುಲೈ ಕೊನೆಗೆ, ಮೇಷ್ಟ್ರು ಉಡುಪಿಗೆ ಕಳಿಸಿದ ಪ್ರಬಂಧ ಸಂಕಲನ ಕಂದು ಕಾಗದ ಒಂದನ್ನೇ ಸುತ್ತಿಕೊಂಡು ಹೋಯಿತು. ಮರುಮುದ್ರಣವಾಗದ ಪುಸ್ತಕ. ತಲುಪಿದಾಗ ಕೆಳಗಿನ ಮೂಲೆ ಬೆರಳಷ್ಟು ಒದ್ದೆ. ಮಳೆಗಾಲದಲ್ಲಿ ಕರಾವಳಿಗೆ ಕಳಿಸುವಾಗ ಮೊದಲು ಬಿಳಿ ಕಾಗದ, ಅದರ ಮೇಲೆ ಟೇಪ್ ಹಾಕಿ ಮುಚ್ಚಿದ ಪ್ಲಾಸ್ಟಿಕ್ ಕವರ್, ಆಮೇಲೆ ರಟ್ಟು, ಕೊನೆಗೆ ಕಂದು ಕಾಗದ. ಈ ಕ್ರಮ ತಪ್ಪಬಾರದು. ಉಡುಪಿಯವರು ಪುಸ್ತಕವನ್ನು ಬಿಸಿಲಿಗೆ ಇಡಲಿಲ್ಲ, ಇಟ್ಟಿದ್ದರೆ ಹಾಳೆ ಸುರುಟಿಕೊಂಡು ಬೆನ್ನಿನ ಅಂಟು ಬಿಡುತ್ತಿತ್ತು. ಹತ್ತು ಹದಿನೈದು ಪುಟಕ್ಕೊಂದರಂತೆ ಬಿಳಿ ಟಿಶ್ಯೂ ಸೇರಿಸಿ (ಪತ್ರಿಕೆಯ ಹಾಳೆ ಇಟ್ಟರೆ ಮಸಿ ಹತ್ತುತ್ತದೆ), ಫ್ಯಾನಿನ ಕೆಳಗೆ ನಿಲ್ಲಿಸಿ, ಎರಡು ಮೂರು ಗಂಟೆಗೊಮ್ಮೆ ಟಿಶ್ಯೂ ಬದಲಿಸಿ, ಪೂರ್ತಿ ಒಣಗಿದ ಮೇಲೆ ಎರಡು ದಿನ ಭಾರ ಹೇರಿಟ್ಟರು. ಓದಬಹುದಾದ ಸ್ಥಿತಿಗೆ ಬಂತು. ಆ ನಂತರ ಸಹಿ ಇರುವ, ಮತ್ತೆ ಸಿಗದ ಪ್ರತಿಗಳು ಅಂಚೆ ಹತ್ತಲಿಲ್ಲ.

ನಾಲ್ಕನೇ ಸುತ್ತು

ಮೂರನೇ ಸುತ್ತಿನ ಗೆಲುವು ನೋಡಿ ಪದ್ಧತಿ ಕೈಗೆ ಹತ್ತಿತು ಎಂದುಕೊಂಡಿದ್ದರು. ಸೆಪ್ಟೆಂಬರ್ 14ಕ್ಕೆ ಶುರುವಾದ ನಾಲ್ಕನೆಯದು ಅರ್ಧಕ್ಕೆ ಅರ್ಧ ಮಲಗಿತು. ಆರರಲ್ಲಿ ಮೂರು ಮುಗಿದವು. ಉಳಿದ ಮೂರನ್ನು ಯಾರೂ ತೆರೆಯಲೇ ಇಲ್ಲ.

ಒಂದರ ಕಾರಣ ಸುಲಭ. ಸೆಪ್ಟೆಂಬರ್ 22ಕ್ಕೆ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾಗಿ ಮೇಷ್ಟ್ರು ಗಣತಿಗೆ ಹೋದರು. ಶಾಲೆಯ ರಜೆ ಅಕ್ಟೋಬರ್ 18ರ ತನಕ ಮುಂದೆ ಹೋಯಿತು, ಅವರ ರಜೆ ಮಾತ್ರ ಬರಲಿಲ್ಲ. ಚೀಟಿಯಲ್ಲಿ ದಿನಕ್ಕೆ 22 ಎಂದಿದ್ದದ್ದು ಸೊನ್ನೆಗೆ ಇಳಿಯಿತು.

ಇನ್ನೆರಡು ಬ್ಯಾಂಕಿನವರು ಮತ್ತು ಉಡುಪಿಯವರ ಜೋಡಿಯವು. ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪ ತೀರಿಕೊಂಡರು. ಗುಂಪಿನಲ್ಲಿ ಸುದ್ದಿ ಬಂದ ಗಂಟೆಯೊಳಗೆ ಈ ಇಬ್ಬರ ನಡುವೆ ಅವರ ಕಾದಂಬರಿಗಳ ಬಗ್ಗೆ ವಾದ ಹತ್ತಿಕೊಂಡಿತು. ವಾದದ ನಡುವೆ ಬಂದ 'ಪರ್ವ'ವನ್ನು ಇಬ್ಬರಲ್ಲಿ ಒಬ್ಬರು ಓದಿದ್ದರು, ಇನ್ನೊಬ್ಬರು ಓದಿರಲಿಲ್ಲ. ಓದಿದವರು ಅದನ್ನು ಎತ್ತಿ ಆಡಿದರು. ಅಲ್ಲಿಂದ ಮಾತು ಪುಸ್ತಕ ಬಿಟ್ಟು ಮನೆತನಕ್ಕೆ, ಕಾಲೇಜು ದಿನಗಳ ಹಳೇ ಲೆಕ್ಕಕ್ಕೆ ಹೋಯಿತು. ಆ ಜೋಡಿ ಐದು ವಾರ ಫೋನು ಮಾಡಿಕೊಳ್ಳಲಿಲ್ಲ.

ಗುಂಪು ಇಲ್ಲಿ ಎರಡು ಪ್ರಯತ್ನ ಮಾಡಿತು. ವಾಟ್ಸಾಪ್ ಗುಂಪಿನಲ್ಲಿ ಇನ್ನು ಮೇಲೆ ದಿನಾಂಕ, ಅಂಚೆ ನಂಬರು ಬಿಟ್ಟು ಬೇರೇನೂ ಬರೆಯುವಂತಿಲ್ಲ ಎಂದು ಮಾಡಿತು. ಅದು ನಿಂತಿದೆ, ಉಪಯೋಗವೂ ಆಗಿದೆ. ಜೋಡಿಯನ್ನು ಅದಲು ಬದಲು ಮಾಡಿ ಇಬ್ಬರನ್ನೂ ಬೇರೆಯವರಿಗೆ ಸೇರಿಸಲು ಹೋಯಿತು. ಅದಾಗಲಿಲ್ಲ, ಇನ್ನುಳಿದವರು ಆಗಲೇ ಪುಸ್ತಕದ ನಡುವಿನಲ್ಲಿದ್ದರು. ನವೆಂಬರಿನಲ್ಲಿ ಇಬ್ಬರೂ ತಾವಾಗಿಯೇ ಮಾತಾಡಿದರು. ಅದಕ್ಕೆ ಯಾವ ನಿಯಮದ ಪಾಲೂ ಇಲ್ಲ.

ಐದನೇ ಸುತ್ತಿಗೆ ರಾಜ್ಯೋತ್ಸವದ ರಿಯಾಯಿತಿ ಒದಗಿತು. ವರ್ಷದಲ್ಲಿ ಕೊಂಡ ಆರರಲ್ಲಿ ನಾಲ್ಕು ನವೆಂಬರಿನವು. ಐದು ಮುಗಿದವು, ಒಂದನ್ನು ಅನುವಾದಕಿ 72ನೇ ಪುಟಕ್ಕೆ ಬಿಟ್ಟರು, ಬಿಟ್ಟ ದಿನವೇ ಹೇಳಿದರು.

ವರ್ಷದ ಕೊನೆಗೆ

ಐದು ಸುತ್ತುಗಳ 30 ಪುಸ್ತಕಗಳಲ್ಲಿ ಮುಗಿದದ್ದು 21, ಬಿಟ್ಟದ್ದು ಆರು, ತೆರೆಯದೆ ಉಳಿದದ್ದು ಮೂರು. ಮೊದಲ ಮೂರು ತಿಂಗಳ ನಾಲ್ಕಕ್ಕೆ ಹೋಲಿಸಿದರೆ ದೊಡ್ಡ ಬದಲಾವಣೆಯೇ. ಆದರೆ ಶೀಟು ಇನ್ನೂ ಕೆಲವನ್ನು ತೋರಿಸುತ್ತದೆ. ಓದುವವರಿಗೆ ಹೇಳಿದ 90 ಹೆಸರುಗಳಲ್ಲಿ ಕವನ ಸಂಕಲನ ಎರಡೇ, ಎರಡನ್ನೂ ಯಾರೂ ಆರಿಸಲಿಲ್ಲ. ಪುಟದ ಲೆಕ್ಕದಲ್ಲಿ ಕಟ್ಟಿದ ಪದ್ಧತಿಯಲ್ಲಿ ಕವಿತೆಗೆ ಜಾಗವಿಲ್ಲ ಎಂದು ಗ್ರಂಥಪಾಲಕಿ, ಜಾಗ ಮಾಡಿದರೂ ಯಾರೂ ಓದುವುದಿಲ್ಲ ಎಂದು ಬ್ಯಾಂಕಿನವರು. ನಾಟಕದ್ದೂ ಇದೇ ಗತಿ. ಮುಗಿದ 21ರಲ್ಲಿ 13 ಕಾದಂಬರಿ.

2026ಕ್ಕೆ ಸುತ್ತು ಐದೇ ಇದ್ದರೂ ಸೆಪ್ಟೆಂಬರ್ ಕೊನೆಯಿಂದ ದಸರಾ ಮುಗಿಯುವ ತನಕ ಯಾವ ಸುತ್ತೂ ಇಲ್ಲ, ಮಾರ್ಚ್ ಪೂರ್ತಿ ರಜೆ. ಇನ್ನಿಬ್ಬರನ್ನು ಸೇರಿಸಬೇಕೆಂದು ಸಾಫ್ಟ್‌ವೇರಿನವರು ಕೇಳಿದ್ದಾರೆ. ಎಂಟು ಜನರಾದರೆ ಏಳು ಸುತ್ತು ಬೇಕು, ಏಳು ವಾರದಂತೆ 49 ವಾರ. ರಜೆಗಳನ್ನು ಬಿಟ್ಟುಕೊಟ್ಟರೆ ಮಾತ್ರ ಹಿಡಿಸುತ್ತದೆ. ಇನ್ನೂ ತೀರ್ಮಾನವಾಗಿಲ್ಲ.

ಎರಡನೇ ಸುತ್ತಿನಲ್ಲಿ ಉಡುಪಿಯವರ ಹೆಸರಿನ ಮುಂದೆ 142 ಎಂದಿದ್ದ ಕಡೆ ಜನವರಿಯಲ್ಲಿ ಯಾರೋ ತಿದ್ದಿದ್ದಾರೆ. ಈಗ ಅಲ್ಲಿ 311 ಎಂದಿದೆ.